ಡಾಕ್ಟರ ಹಮೀದರೂ ಔಷಧದ ಬೆಲೆಯೂ

ಗುಡೂರಿನ ನೇಕಾರನೊಬ್ಬನು ರಕ್ತದ ಒತ್ತಡಕ್ಕೆಂದು ವರ್ಷವಿಡೀ ಗುಳಿಗೆ ನುಂಗಬೇಕಾದರೆ, ಆ ವೆಚ್ಚವು ಅವನ ಮಗ್ಗದ ಗಳಿಕೆಯಿಂದಲೇ ಹೊರಡಬೇಕು. ಇಂಥ ಗುಳಿಗೆಗಳು ಈ ದೇಶದಲ್ಲಿ ಸೋವಿಯಾಗಲೆಂದು ಹೆಣಗಿದವರಲ್ಲಿ ಡಾಕ್ಟರ ಖ್ವಾಜಾ ಅಬ್ದುಲ್ ಹಮೀದರು ಅಗ್ರಗಣ್ಯರು. ಅವರು ಹೊರಡಿಸಿದ ಔಷಧಗಳನ್ನು ಬಲ್ಲವರು ನಮ್ಮಲ್ಲಿ ಬಹಳ. ಅವರ ಚರಿತ್ರವನ್ನು ಬಲ್ಲವರು ಕಡಿಮೆ.

ಹಮೀದರು 1898ರಲ್ಲಿ ಅಲಿಗಢದಲ್ಲಿ ಜನಿಸಿದರು. ಅಸಹಕಾರ ಚಳವಳಿಯ ಕಾಲಕ್ಕೆ ರಾಷ್ಟ್ರೀಯ ಪಕ್ಷವನ್ನು ಹಿಡಿದು, ಜಾಮಿಯಾ ಮಿಲ್ಲಿಯಾ ವಿದ್ಯಾಪೀಠದಲ್ಲಿ ಪಾಠ ಹೇಳಿದರು. ಬಳಿಕ ಜರ್ಮನಿಗೆ ತೆರಳಿ 1927ರಲ್ಲಿ ಬರ್ಲಿನ್ನಿನಲ್ಲಿ ರಸಾಯನಶಾಸ್ತ್ರದ ಡಾಕ್ಟರ ಪದವಿಯನ್ನು ಪಡೆದರು. ಲಿಥುವೇನಿಯದ ಯಹೂದಿ ಕನ್ಯೆ ಲೂಬಾ ಎಂಬವರನ್ನು ವರಿಸಿದರು.

1935ರಲ್ಲಿ ಅವರು ಮುಂಬಯಿಯಲ್ಲಿ ಕಾರಖಾನೆಯನ್ನು ಸ್ಥಾಪಿಸಿದರು. ಅದರ ದೀರ್ಘನಾಮದ ಮೊದಲಕ್ಷರಗಳಿಂದಲೇ ಸಿಪ್ಲಾ ಎಂಬ ಹೆಸರು ಹುಟ್ಟಿತು. ಆಗ ಗುಡೂರೂ ವಿಜಾಪುರ ಜಿಲ್ಲೆಯೊಡನೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 1939ರ ಜುಲೈಯಲ್ಲಿ ಗಾಂಧೀಜಿಯವರು ಆ ಕಾರಖಾನೆಗೆ ಭೆಟ್ಟಿಯಿತ್ತರು. ಎರಡು ತಿಂಗಳಲ್ಲಿಯೇ ಮಹಾಯುದ್ಧವು ಹೊತ್ತಿತು. ಪರದೇಶೀ ಔಷಧಗಳನ್ನೇ ನಂಬಿ ಕುಳಿತರೆ ಆಗುವ ಹಾನಿಯು ಎಲ್ಲರಿಗೂ ಕಂಡುಬಂದಿತು.

ಅದಾಗ್ಯೂ ನಮ್ಮ ದೃಷ್ಟಿಯಲ್ಲಿ ಹಮೀದರ ಹಿರಿಯ ಕಾರ್ಯವು ಕಾರಖಾನೆಯಲ್ಲ, ಕಾಯದೆ. 1911ರ ಪೇಟೆಂಟ್ ಕಾಯದೆಯು ಸ್ವಾತಂತ್ರ್ಯಾನಂತರವೂ ಉಳಿದುಕೊಂಡಿತ್ತು. ಅದರ ಬಲದಿಂದ ಪರದೇಶೀ ಕಂಪನಿಗಳು 16 ವರ್ಷಗಳ ವರೆಗೆ ಔಷಧದ ಮೇಲೆ ಏಕಸ್ವಾಮ್ಯವನ್ನು ನಡೆಸುತ್ತಿದ್ದವು. ತಾವಂತೂ ಇಲ್ಲಿ ತಯಾರಿಸರು, ಇತರರಿಗೂ ತಯಾರಿಸಗೊಡರು! ಭಾರತದಲ್ಲಿ ಔಷಧದ ಬೆಲೆಯು ಲೋಕದಲ್ಲಿಯೇ ಅತಿ ತುಟ್ಟಿಯಾದ ದೇಶಗಳ ಸಾಲಿನದೆಂದು ಅಮೇರಿಕದ ಸೆನೇಟಿನ ಕೆಫಾವರ್ ಸಮಿತಿಯೇ ಸಾರಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರ ತಮ್ಮ ವರದಿಯಲ್ಲಿ ಕಾಯದೆಯ ಬದಲಾವಣೆಗೆ ದಾರಿ ತೋರಿದರು. ಹಮೀದರು ದೇಶೀಯ ಔಷಧ ತಯಾರಕರನ್ನು ಒಗ್ಗೂಡಿಸಿ, 1961ರಲ್ಲಿ ಅವರ ಸಂಘವನ್ನು ಕಟ್ಟಿ, ಸರಕಾರದ ಬೆನ್ನು ಹತ್ತಿದರು. ಇದರಲ್ಲಿ ಅವರ ಕಂಪನಿಗೂ ಲಾಭವಿತ್ತೆಂಬುದನ್ನು ನಾವು ಮರೆಮಾಚುವುದಿಲ್ಲ. ಅವರು ಉದ್ಯಮಿಗಳು, ಸನ್ಯಾಸಿಗಳಲ್ಲ. ಆದರೆ ಅವರ ಹಿತವೂ ರೋಗಿಯ ಹಿತವೂ ಇಲ್ಲಿ ಒಂದೇ ದಾರಿಯಲ್ಲಿ ನಡೆದವು.

1970ರ ಕಾಯದೆಯು ಔಷಧವಸ್ತುವಿಗೆ ಪೇಟೆಂಟನ್ನು ನಿರಾಕರಿಸಿ, ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ, ರಕ್ಷಣೆಯಿತ್ತಿತು. ಬೇರೊಂದು ವಿಧಾನವನ್ನು ಕಂಡುಕೊಂಡವನು ಅದೇ ಔಷಧವನ್ನು ನಿರಾತಂಕವಾಗಿ ಮಾಡಬಹುದಾಯಿತು. ಸ್ಪರ್ಧೆಯು ಬೆಳೆಯಿತು, ಬೆಲೆಯು ಇಳಿಯಿತು. ಈ ಕಾಯದೆಯು 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ಅದೇ ಜೂನ್ ತಿಂಗಳಲ್ಲಿ ಹಮೀದರು ತೀರಿಕೊಂಡರು. ಫಲವನ್ನುಂಡವರು ನಾವು.

ಅವರ ಮಗ ಯೂಸುಫ್ ಹಮೀದರು 2001ರಲ್ಲಿ ಏಡ್ಸ್ ರೋಗದ ಔಷಧವನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾದಾಗ, ಪಶ್ಚಿಮ ದೇಶಗಳಲ್ಲಿ ಅದಕ್ಕೆ ವರ್ಷಕ್ಕೆ 10,000 ಡಾಲರುಗಳಿಗೂ ಮಿಕ್ಕಿ ತೆರಬೇಕಾಗಿತ್ತು. 2005ರಲ್ಲಿ ಜಾಗತಿಕ ವ್ಯಾಪಾರದ ಒಪ್ಪಂದಕ್ಕೆ ಮಣಿದು ನಮ್ಮ ಸರಕಾರವು ಔಷಧವಸ್ತುವಿಗೆ ಮತ್ತೆ ಪೇಟೆಂಟನ್ನು ಕೊಡಹತ್ತಿತು. ಹಳೆಯ ಔಷಧಗಳ ಮಟ್ಟಿಗಾದರೂ ಹಮೀದರ ಗಳಿಕೆಯು ಉಳಿದಿದೆ. ಆದರೂ ಒಂದೇ ಗುಳಿಗೆಯು ಬೇರೆ ಬೇರೆ ಹೆಸರು ತಳೆದು ಬೇರೆ ಬೇರೆ ಬೆಲೆಗೆ ಮಾರಾಟವಾಗುತ್ತಿದೆ. 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿಗಳಲ್ಲಿ ಅದನ್ನು ಮೂಲ ಹೆಸರಿನಿಂದಲೇ, ಶೇಕಡಾ 50ರಿಂದ 80ರಷ್ಟು ಸೋವಿಯಾಗಿ ಕೊಡುವುದಾಗಿ ಸರಕಾರವು ಹೇಳುತ್ತದೆ. ಡಾಕ್ಟರರು ಚೀಟಿಯಲ್ಲಿ ಆ ಮೂಲ ಹೆಸರನ್ನು ಬರೆದುಕೊಡುವಂತೆ ಗುಡೂರಿನ ನೇಕಾರನು ಸಂಕೋಚವಿಲ್ಲದೆ ಕೇಳಬಹುದು.