ಹಡಗು ಹತ್ತಿಸಿದ ಉಪಾಧ್ಯಾಯರು: ಅಳಸಿಂಗ ಪೆರುಮಾಳ್

ನಮ್ಮ ತಾಳವಾಡಿ ಸೀಮೆಯ ಮಕ್ಕಳು ಹೊರದೇಶಕ್ಕೆ ಹೊರಡುವ ಮುನ್ನ ಒಮ್ಮೆಯಾದರೂ ತಾವು ಓದಿದ ಶಾಲೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ವರ್ಗಾವಣೆ ಪತ್ರದ ನಕಲು ಬೇಕು. ಹುಟ್ಟಿದ ದಿನಾಂಕಕ್ಕೆ ದಾಖಲೆ ಬೇಕು. ಕನ್ನಡದಲ್ಲಿ ಒಂದು ಬಗೆಯಾಗಿ, ತಮಿಳಿನಲ್ಲಿ ಇನ್ನೊಂದು ಬಗೆಯಾಗಿ ಬರೆಯಲ್ಪಟ್ಟ ಹೆಸರು ಒಬ್ಬರದೇ ಎಂದು ಯಾರಾದರೂ ಬರೆದುಕೊಡಬೇಕು. ಆ ಕಾಗದಗಳಿಗಾಗಿ ಬಂದವರೊಡನೆ ಉಪಾಧ್ಯಾಯರಲ್ಲೊಬ್ಬರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಕಚೇರಿಯಿಂದ ಕಚೇರಿಗೆ ಅಲೆದದ್ದೂ ಉಂಟು. ಹೋದವರ ಹೆಸರು ಊರಿನಲ್ಲಿ ನಿಲ್ಲುತ್ತದೆ. ಅಲೆದವರದು ನಿಲ್ಲುವುದು ಕಡಿಮೆ. ಶತಮಾನೋತ್ಸವದ ಈ ಸಂಪುಟಕ್ಕೆ ಯಾರ ಜೀವನವನ್ನು ಬರೆಯಬೇಕೆಂಬ ಮಾತು ಬಂದಾಗ, ಮೈಸೂರು ಸೀಮೆಯಲ್ಲಿ ಹುಟ್ಟಿ ತಮಿಳು ನಾಡಿನಲ್ಲಿ ಪಾಠ ಹೇಳಿ ಬಾಳಿದ ಅಂಥ ಒಬ್ಬ ಉಪಾಧ್ಯಾಯರನ್ನು ನಾವು ಆರಿಸಿಕೊಂಡೆವು.

ಮಂಡಯಂ ಚಕ್ರವರ್ತಿ ಅಳಸಿಂಗ ಪೆರುಮಾಳರು 1865ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿದರು. ಮನೆತನ ಶ್ರೀವೈಷ್ಣವರದು, ಆಚಾರ ಬಿಗಿ, ಅನುಕೂಲ ಅಷ್ಟಕ್ಕಷ್ಟೆ. ಕುಟುಂಬವು ಮದರಾಸಿಗೆ ಬಂದು ನೆಲೆಸಿದ್ದರಿಂದ ಅವರ ವಿದ್ಯಾಭ್ಯಾಸವೂ ಅಲ್ಲಿಯೇ ನಡೆಯಿತು. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಡಾಕ್ಟರ್ ವಿಲಿಯಂ ಮಿಲ್ಲರ್ ಅವರ ಮೆಚ್ಚಿನ ಶಿಷ್ಯರಾಗಿ ವಿಜ್ಞಾನದಲ್ಲಿ ಪದವಿ ಪಡೆದರು. ನ್ಯಾಯಶಾಸ್ತ್ರದ ವ್ಯಾಸಂಗವನ್ನು ಆರಂಭಿಸಿದರಾದರೂ ಸಂಸಾರದ ಹೊಣೆ ಅದನ್ನು ಮುಗಿಸಗೊಡಲಿಲ್ಲ. ಕುಂಭಕೋಣದಲ್ಲಿಯೂ ಚಿದಂಬರದಲ್ಲಿಯೂ ಉಪಾಧ್ಯಾಯರಾಗಿದ್ದು, ಬಳಿಕ ಮದರಾಸಿನ ಪಚ್ಚಯಪ್ಪ ಶಾಲೆಯನ್ನು ಸೇರಿದರು. ಮುಂದೆ ಅದರ ಮುಖ್ಯೋಪಾಧ್ಯಾಯರಾದರು. ಇಷ್ಟೇ ಆಗಿದ್ದರೆ ಅವರ ಹೆಸರು ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುತ್ತಿತ್ತು.

1893ರ ಆರಂಭದಲ್ಲಿ ಬಂಗಾಳದ ಸಂನ್ಯಾಸಿಯೊಬ್ಬರು ಮದರಾಸಿಗೆ ಬಂದರು. ಅದಕ್ಕೆ ಕೆಲವು ತಿಂಗಳು ಮುಂಚೆ ಅವರು ಬೆಂಗಳೂರು, ಮೈಸೂರುಗಳಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಮತ್ತು ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು. ಅಮೆರಿಕದ ಚಿಕಾಗೋ ನಗರದಲ್ಲಿ ಆ ವರ್ಷ ನಡೆಯಲಿದ್ದ ಸರ್ವಧರ್ಮ ಸಮ್ಮೇಳನಕ್ಕೆ ಹೋಗಬೇಕೆಂಬ ಆಲೋಚನೆ ಅವರಲ್ಲಿ ಇತ್ತು. ಹೋಗುವ ದಾರಿ ಮಾತ್ರ ಇರಲಿಲ್ಲ. ಇಪ್ಪತ್ತೆಂಟರ ಹರೆಯದ ಅಳಸಿಂಗರು ಆ ಸಂನ್ಯಾಸಿಯನ್ನು, ಅಂದರೆ ಸ್ವಾಮಿ ವಿವೇಕಾನಂದರನ್ನು, ಕಂಡು ಮಾತನಾಡಿಸಿದ ಮೇಲೆ ಆ ದಾರಿಯನ್ನು ಮಾಡುವ ಕೆಲಸ ತಮ್ಮದೆಂದು ಭಾವಿಸಿದರು.

ಮೊದಲ ಸುತ್ತಿನಲ್ಲಿ ಸುಮಾರು 500 ರೂಪಾಯಿ ಕೂಡಿತು. ಹಣವನ್ನು ಕಂಡ ಸ್ವಾಮಿಗಳಿಗೆ ಅಳುಕು ಹುಟ್ಟಿತು. ತಾವು ಹೋಗುವುದು ದೈವಸಂಕಲ್ಪವೋ ತಮ್ಮದೇ ಆಸೆಯೋ ಎಂಬ ಸಂದೇಹದಿಂದ ಅದನ್ನು ಬಡವರಿಗೆ ಹಂಚಿಬಿಡುವಂತೆ ಹೇಳಿದರು. ಹಂಚಿದ್ದಾಯಿತು. ಮನೆಮನೆಯ ಬಾಗಿಲಲ್ಲಿ ನಿಂತು ಬೇಡಿ ತಂದವರಿಗೆ ಅಂದು ಹೇಗೆನಿಸಿರಬೇಕೆಂಬುದನ್ನು ಶಾಲೆಯ ಕಟ್ಟಡಕ್ಕಾಗಿ ಚಂದಾ ಎತ್ತಿದ ಅನುಭವವುಳ್ಳ ನಾವು ಊಹಿಸಬಲ್ಲೆವು. ಕೆಲವು ವಾರಗಳಲ್ಲಿ ಸ್ವಾಮಿಗಳ ಮನಸ್ಸು ದೃಢವಾಯಿತು. ಅಳಸಿಂಗರು ಮತ್ತೆ ಮೊದಲಿನಿಂದ ಆರಂಭಿಸಿದರು. ರಾಜರಿಂದ ದೊಡ್ಡ ಮೊತ್ತ ಪಡೆಯುವುದಕ್ಕಿಂತ ಜನಸಾಮಾನ್ಯರಿಂದ ಸ್ವಲ್ಪ ಸ್ವಲ್ಪವಾಗಿ ಪಡೆಯುವುದೇ ಸ್ವಾಮಿಗಳ ಇಷ್ಟವಾಗಿತ್ತು. ಜನರ ಪರವಾಗಿ ಹೋಗುವವನಿಗೆ ಜನರೇ ಕೊಡಬೇಕೆಂಬುದು ಅವರ ಭಾವನೆ. ಹೀಗಾಗಿ ಗುಮಾಸ್ತರು, ಉಪಾಧ್ಯಾಯರು ಮೊದಲಾದ ಮಧ್ಯಮ ವರ್ಗದವರ ಮನೆಗಳನ್ನೇ ಅಳಸಿಂಗರು ಹೆಚ್ಚಾಗಿ ಸುತ್ತಿದರು. ಅವರ ಬಳಗದವರು ಮೈಸೂರು, ರಾಮನಾಡು, ಹೈದರಾಬಾದುಗಳವರೆಗೂ ಹೋಗಿಬಂದರು.

ಮೇ 31ರಂದು ಮುಂಬಯಿಯಿಂದ ಪೆನಿನ್ಸುಲರ್ ಎಂಬ ಹಡಗು ಹೊರಡುವುದಿತ್ತು. ಖೇತ್ರಿಯ ಮಹಾರಾಜರು ತಮ್ಮ ಮುನ್ಷಿ ಜಗಮೋಹನಲಾಲರನ್ನು ಜೊತೆಗೆ ಕಳುಹಿಸಿದ್ದರು. ಅವರು ಸ್ವಾಮಿಗಳಿಗೆ ರೇಷ್ಮೆಯ ನಿಲುವಂಗಿಯನ್ನೂ ಪೇಟವನ್ನೂ ಮಾಡಿಸಿ, ಟಿಕೆಟನ್ನು ಮೊದಲ ದರ್ಜೆಗೆ ಬದಲಿಸಿದರು. ಅಳಸಿಂಗರು ಮದರಾಸಿನಿಂದ ಮುಂಬಯಿಗೆ ಹೋಗಿ, ಕೂಡಿಸಿದ ಹಣದಲ್ಲಿ ಉಳಿದದ್ದನ್ನು ಇಂಗ್ಲಿಷ್ ನಾಣ್ಯಕ್ಕೆ ಪರಿವರ್ತಿಸಿ, 170 ಪೌಂಡುಗಳನ್ನು ನೋಟಿನ ರೂಪದಲ್ಲಿಯೂ 9 ಪೌಂಡುಗಳನ್ನು ನಗದಾಗಿಯೂ ಸ್ವಾಮಿಗಳ ಕೈಗಿತ್ತರು. ಹಡಗು ಹೊರಟಾಗ ದಂಡೆಯ ಮೇಲೆ ಉಳಿದವರು ಈ ಇಬ್ಬರು.

ಇಷ್ಟು ಶ್ರಮಪಟ್ಟ ಸಿದ್ಧತೆಯಲ್ಲಿ ದೊಡ್ಡ ಕೊರತೆಗಳಿದ್ದವೆಂಬುದನ್ನು ಮುಚ್ಚಿಡುವುದು ನಮಗೆ ಸರಿಯೆನಿಸುವುದಿಲ್ಲ. ಬೆಚ್ಚನೆಯ ಉಡುಪು ಯಾರಿಗೂ ನೆನಪಾಗಿರಲಿಲ್ಲ. ಯೊಕೊಹಾಮದಿಂದ ವ್ಯಾಂಕೂವರಿಗೆ ಪೆಸಿಫಿಕ್ ಸಾಗರವನ್ನು ದಾಟುವಾಗ ಸ್ವಾಮಿಗಳು ಚಳಿಯಿಂದ ಬಹಳ ಬಳಲಿದರು. ಸಮ್ಮೇಳನ ಯಾವ ದಿನ ಆರಂಭವಾಗುವುದೆಂಬ ಖಚಿತ ತಿಳಿವಳಿಕೆಯೂ ಇರಲಿಲ್ಲ. ಜುಲೈ ಕೊನೆಯಲ್ಲಿ ಚಿಕಾಗೋ ತಲುಪಿದ ಮೇಲೆ ಅದು ಸೆಪ್ಟೆಂಬರಿನಲ್ಲೆಂದು ಗೊತ್ತಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿನಿಧಿಯಾಗಿ ಭಾಗವಹಿಸುವವನು ತನ್ನನ್ನು ಕಳುಹಿಸಿದ ಸಂಸ್ಥೆಯ ಪರಿಚಯಪತ್ರವನ್ನು ತರಬೇಕಾಗಿತ್ತು. ಅಂಥದೊಂದು ಕಾಗದವಿಲ್ಲದೆ ಅವರು ಭೂಮಿಯ ಅರ್ಧ ಸುತ್ತನ್ನು ದಾಟಿ ಹೋಗಿದ್ದರು. ಹೆಸರು ನೋಂದಾಯಿಸುವ ಅವಧಿಯೂ ಮುಗಿದಿತ್ತು. ಶಾಲೆಯಲ್ಲಿ ದಿನಬೆಳಗಾದರೆ ಪ್ರಮಾಣಪತ್ರ ಬರೆಯುತ್ತಿದ್ದ ಉಪಾಧ್ಯಾಯರಿಗೆ ಇದು ಹೊಳೆಯದೆ ಹೋಯಿತು. ಗುರುವಿನ ಮುಖವನ್ನು ಕಂಡ ಮೇಲೆ ಯಾರೂ ಕಾಗದ ಕೇಳಲಾರರೆಂದು ಅವರು ನಂಬಿದ್ದಿರಬೇಕು.

ಆಗಸ್ಟ್ 20ರಂದು ಮ್ಯಾಸಚೂಸೆಟ್ಸಿನಿಂದ ಅಳಸಿಂಗರಿಗೆ ಬರೆದ ಪತ್ರದಲ್ಲಿ ಸ್ವಾಮಿಗಳು ಲೆಕ್ಕವೊಪ್ಪಿಸಿದ್ದಾರೆ. ದಿನಕ್ಕೆ ಸರಾಸರಿ ಒಂದು ಪೌಂಡು ವೆಚ್ಚವಾಗುತ್ತಿತ್ತು; ಕೈಯಲ್ಲಿ ಉಳಿದದ್ದು 130 ಪೌಂಡು. ಆ ಪತ್ರವನ್ನು ಓದಿದ ಅಳಸಿಂಗರು ಮತ್ತೆ ಹಣ ಹೊಂದಿಸುವ ಚಿಂತೆಗೆ ಬಿದ್ದರು. ಅಷ್ಟರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಅವರು ಸಮ್ಮೇಳನದವರಿಗೆ ಪರಿಚಯಪತ್ರ ಬರೆದುಕೊಟ್ಟು ದಾರಿ ಮಾಡಿದರು. ಸೆಪ್ಟೆಂಬರ್ 11ರಂದು ನಡೆದದ್ದನ್ನು ನಮ್ಮ ಓದುಗರಿಗೆ ಹೇಳಬೇಕಾದ್ದಿಲ್ಲ.

ಕಾಗದದ ತೊಡಕು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಈ ಸಂನ್ಯಾಸಿ ಯಾರ ಪ್ರತಿನಿಧಿ, ಇವರನ್ನು ಕಳುಹಿಸಿದವರು ಯಾರು ಎಂದು ಅಮೆರಿಕದಲ್ಲಿ ವಿರೋಧಿಗಳು ಕೇಳತೊಡಗಿದರು. ಸ್ವದೇಶದಲ್ಲಿ ಒಂದು ಸಾರ್ವಜನಿಕ ಸಭೆ ನಡೆದು ಅದರ ನಿರ್ಣಯ ಬಂದರೆ ಸಾಕೆಂದು ಸ್ವಾಮಿಗಳು ಬರೆದರು. ಉತ್ತರ ತಡವಾದಾಗ ಬೇಸರಪಟ್ಟೂ ಬರೆದರು. 1894ರ ಏಪ್ರಿಲಿನಲ್ಲಿ ಮದರಾಸಿನ ಪಚ್ಚಯಪ್ಪ ಸಭಾಂಗಣದಲ್ಲಿ ಸಭೆ ಸೇರಿತು. ಬೆಂಗಳೂರಿನಲ್ಲಿಯೂ ಅಂಥ ಸಭೆ ನಡೆಯಿತು. ಹೊರಡುವ ಮುನ್ನ ಕೊಡಬೇಕಾಗಿದ್ದ ಪತ್ರ ಹೋಗಿ ಒಂದು ವರ್ಷವಾದ ಮೇಲೆ ಸಿದ್ಧವಾಯಿತು.

1895ರ ಸೆಪ್ಟೆಂಬರಿನಲ್ಲಿ ಅಳಸಿಂಗರು ‘ಬ್ರಹ್ಮವಾದಿನ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಹಗಲು ಶಾಲೆ, ಉಳಿದ ವೇಳೆಯೆಲ್ಲ ಪತ್ರಿಕೆ. ಅದರಿಂದ ಅವರಿಗೆ ಸಿಕ್ಕಿದ್ದು ದುಡಿಮೆಯೇ ಹೊರತು ದುಡ್ಡಲ್ಲ.

ಅವರು ಸ್ವತಃ ಕೈಗೊಂಡ ಒಂದು ಸಮುದ್ರಯಾನವನ್ನು ಇಲ್ಲಿ ಹೇಳಲೇಬೇಕು. 1899ರಲ್ಲಿ ಸ್ವಾಮಿಗಳು ಎರಡನೆಯ ಬಾರಿ ಪಶ್ಚಿಮಕ್ಕೆ ಹೊರಟಾಗ ಅವರ ಹಡಗು ಮದರಾಸಿನಲ್ಲಿ ತಂಗಿತು. ಕಲ್ಕತ್ತೆಯಲ್ಲಿ ಪ್ಲೇಗು ಇದ್ದುದರಿಂದ ಭಾರತೀಯ ಪ್ರಯಾಣಿಕರಿಗೆ ಇಳಿಯಲು ಅಪ್ಪಣೆಯಿರಲಿಲ್ಲ. ದಂಡೆಯ ಮೇಲೆ ಕಾದು ನಿಂತವರು ದೂರದಿಂದಲೇ ನೋಡಬೇಕಾಯಿತು. ಪತ್ರಿಕೆಯ ವಿಷಯ ಮಾತನಾಡಬೇಕಾಗಿದ್ದ ಅಳಸಿಂಗರು ಕೊಲಂಬೊಗೆ ಟಿಕೆಟು ಕೊಂಡು ಹಡಗನ್ನೇ ಹತ್ತಿದರು. ಬರಿಗಾಲು, ಬೋಳಿಸಿದ ತಲೆ, ಹಣೆಯ ತುಂಬ ತೆಂಗಲೆ ನಾಮ. ಹಿಂದೊಮ್ಮೆ ಸಿಂಹಳಕ್ಕೆ ಹೋಗಿಬಂದದ್ದಕ್ಕೆ ಜಾತಿಯವರು ತೊಂದರೆ ಕೊಡಲು ನೋಡಿದ್ದರು. ಈ ಬಾರಿ ಹಡಗಿನ ಅನ್ನ ಮುಟ್ಟದಿರಲೆಂದು ಎರಡು ಪುಟ್ಟ ಗಂಟುಗಳನ್ನು ಜೋಪಾನವಾಗಿ ತಂದಿದ್ದರು: ಒಂದರಲ್ಲಿ ಹುರಿದ ಅವಲಕ್ಕಿ, ಇನ್ನೊಂದರಲ್ಲಿ ಪುರಿ ಮತ್ತು ಹುರಿದ ಬಟಾಣಿ. ನಾಲ್ಕು ದಿನದ ಪಯಣಕ್ಕೆ ಅಷ್ಟೇ ಬುತ್ತಿ. ಸ್ವಾಮಿಗಳು ತಮ್ಮ ಬಂಗಾಳಿ ಪ್ರವಾಸಕಥನದಲ್ಲಿ ಈ ಗಂಟುಗಳನ್ನೂ ಸಾರು ಪ್ರಿಯರಾದ ಈ ಮೈಸೂರು ಬ್ರಾಹ್ಮಣರನ್ನೂ ನಗುನಗುತ್ತ ವರ್ಣಿಸಿ, ಇಂಥ ನಿಸ್ವಾರ್ಥಿಗಳು ಲೋಕದಲ್ಲಿ ವಿರಳವೆಂಬ ಭಾವದಲ್ಲಿ ಮುಗಿಸಿದ್ದಾರೆ.

ಕೊಲಂಬೊದಿಂದ ಮರಳಿದ ಅಳಸಿಂಗರು ಮತ್ತೆ ತರಗತಿಗೂ ಪತ್ರಿಕೆಯ ಕರಡಚ್ಚಿಗೂ ತೊಡಗಿದರು. ಕೊನೆಯ ವರ್ಷಗಳಲ್ಲಿ ಪಚ್ಚಯಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದರು. 1909ರ ಮೇ 11ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಅಮೆರಿಕವನ್ನು ಅವರು ಕಾಣಲಿಲ್ಲ. ಅಲ್ಲಿಂದ ಅವರಿಗೆ ಬಂದ ಕಾಗದಗಳು ಅಚ್ಚಾಗಿ ಉಳಿದಿವೆ.