ಶಾಲೆ ಬಿಟ್ಟ ಹುಡುಗ ಹೆಡ್‌ಮಾಸ್ತರ ಆದ ಕಥೆ

ಮಾಸ್ತರು ಅನ್ಯಾಯ ಮಾಡಿದರೆ ಹುಡುಗರು ಎದುರು ನಿಲ್ಲಬಹುದೇ? ಆಳಂದ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಈ ಪ್ರಶ್ನೆ ಎತ್ತಿ ನೋಡಿ. ಅರ್ಧ ಮಂದಿ, ಗುರು ಅಂದ್ರ ದೇವರು, ಬಾಯಿ ಮುಚ್ಚಿಕೊಂಡು ಕೂಡಬೇಕು ಅಂತಾರೆ. ಉಳಿದ ಅರ್ಧ ಮಂದಿ, ಕಲ್ಲು ಹೊಡೀಬೇಕು, ಬಸ್ ತಡೀಬೇಕು ಅಂತಾರೆ. ಇವೆರಡೂ ಅಲ್ಲದ ಮೂರನೇ ದಾರಿಯೊಂದು ಅದ. ಆ ದಾರಿ ಹಿಡಿದವರೊಬ್ಬರು ಚಿಕ್ಕಂದಿನಲ್ಲಿ ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರದ ಸಾಲಿಯಲ್ಲಿ ಅಕ್ಷರ ಕಲಿತವರು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಅವರ ಹೆಸರು ಭಾಷಣದಲ್ಲಿ ಬರುತ್ತದೆ. ಮರುದಿನ ಮರೆತುಹೋಗುತ್ತದೆ.

ಅವರೇ ಸ್ವಾಮಿ ರಮಾನಂದ ತೀರ್ಥರು.

ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಸಿಂದಗಿಯಲ್ಲಿ. ಜೇವರ್ಗಿಯಿಂದ ವಿಜಯಪುರದ ಬಸ್ ಹತ್ತಿದವರಿಗೆ ದಾರಿಯಲ್ಲಿ ಸಿಗುವ ಅದೇ ಸಿಂದಗಿ. ತಂದೆ ತಾಯಿ ಇಟ್ಟ ಹೆಸರು ವೆಂಕಟೇಶ. ಮನೆತನದ ಹೆಸರು ಖೇಡಗಿಕರ. ಗಾಣಗಾಪುರದಲ್ಲಿ ಮೊದಲ ಪಾಠ ಮುಗಿಸಿದ ಹುಡುಗ ಮುಂದೆ ಓದಲಿಕ್ಕೆ ಸೊಲ್ಲಾಪುರಕ್ಕೆ ಹೋದ. 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡ ಸುದ್ದಿ ಬಂತು. ಆಗ ಈ ಹುಡುಗನಿಗೆ ಇನ್ನೂ 17 ತುಂಬಿರಲಿಲ್ಲ. ಮದುವೆ ಆಗುವುದಿಲ್ಲ, ಬದುಕು ದೇಶಕ್ಕೆ ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಅಷ್ಟರಲ್ಲಿ ಗಾಂಧೀಜಿಯ ಅಸಹಕಾರದ ಕರೆ ಬಂತು. ಸರ್ಕಾರಿ ಸಾಲಿಗೆ ಕೈ ಮುಗಿದು ಹೊರಗೆ ಬಂದ.

ಗಮನಿಸಿ, ಸಾಲಿ ಬಿಟ್ಟ ಹೊರತು ಓದು ಬಿಡಲಿಲ್ಲ. ರಾಷ್ಟ್ರೀಯ ಶಾಲೆಗಳಲ್ಲಿ ಕಲಿತು, ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಎಂ.ಎ. ತನಕ ಓದಿದರು. ಕಾರ್ಮಿಕ ನಾಯಕ ಎನ್.ಎಂ. ಜೋಶಿ ಅವರ ಜೊತೆ ಕೆಲಸ ಮಾಡಿದರು. ಆಮೇಲೆ ಹಿಪ್ಪರಗಾ ರಾಷ್ಟ್ರೀಯ ಶಾಲೆಗೆ ಹೆಡ್‌ಮಾಸ್ತರಾಗಿ ಬಂದರು. ಹಿಪ್ಪರಗಾ ಅಂದ್ರ ದೂರ ಏನಲ್ಲ. ಆಳಂದದಿಂದ ಗಡಿ ದಾಟಿದರೆ ಉಮರ್ಗಾ, ಅದರಾಚೆ ಲೋಹಾರಾ, ಆ ಸೀಮೆಯ ಹಳ್ಳಿ. ಅಲ್ಲಿರುವಾಗಲೇ ಕಾವಿ ಉಟ್ಟು ರಮಾನಂದ ತೀರ್ಥರಾದರು. ಮಠ ಕಟ್ಟಲಿಲ್ಲ, ಪಾದಪೂಜೆ ಮಾಡಿಸಿಕೊಳ್ಳಲಿಲ್ಲ. ಕಾವಿ ಉಟ್ಟೇ ಪಾಠ ಹೇಳಿದರು. 1935ರಲ್ಲಿ ಅಂಬಾಜೋಗಾಯಿಯ ಯೋಗೇಶ್ವರಿ ಶಾಲೆಗೆ ಹೋದರು. ಒಂದು ಕಾಲಕ್ಕೆ ಸರ್ಕಾರಿ ಸಾಲಿಗೆ ಬೆನ್ನು ತೋರಿಸಿದ ಹುಡುಗನೇ ಈಗ ಮಕ್ಕಳ ಮುಂದೆ ಮಾಸ್ತರ!

ಆ ಕಾಲದ ನಮ್ಮ ಭಾಗದ ಸಾಲಿಗಳ ಹಾಲತ್ತು ಇವತ್ತಿನ ಹುಡುಗರಿಗೆ ಗೊತ್ತಿಲ್ಲ. ಆಳುವವ ನಿಜಾಮ. ಮನೆಯಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠವೆಲ್ಲ ಉರ್ದುವಿನಲ್ಲೇ. ಉರ್ದು ಚಂದದ ಭಾಷೆ, ಅದರ ತಪ್ಪೇನಿಲ್ಲ. ಆದರೆ ಕನ್ನಡ, ಮರಾಠಿ, ತೆಲುಗು ಮಾತಾಡುವ ಮಕ್ಕಳಿಗೆ ಬೇರೆ ದಾರಿಯೇ ಇರಲಿಲ್ಲ. ಖಾಸಗಿ ಸಾಲಿ ತೆರೆಯಬೇಕೆಂದರೆ ಸರ್ಕಾರದ ಅಪ್ಪಣೆ ಬೇಕು. ಗುಲ್ಬರ್ಗದಲ್ಲಿ 1907ರಿಂದ ನೂತನ ವಿದ್ಯಾಲಯ ಇತ್ತು ಅನ್ನುವುದೇ ಪುಣ್ಯ.

1938 ಬಂತು. ಸ್ವಾಮೀಜಿ ಸಾಲಿ ಕೆಲಸ ಬಿಟ್ಟು ಹೈದರಾಬಾದಿಗೆ ನಡೆದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮ ಸರ್ಕಾರ ಹುಟ್ಟುವ ಮೊದಲೇ ನಿಷೇಧ ಮಾಡಿತ್ತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಶುರುವಾಯಿತು, ಸ್ವಾಮೀಜಿ ಜೈಲಿಗೆ ಹೋದರು.

ಅವರು ಜೈಲಿನಲ್ಲಿರುವಾಗಲೇ, ನವೆಂಬರಿನಲ್ಲಿ, ಹುಡುಗರು ಎದ್ದರು. ಆಗಿನ ಔರಂಗಾಬಾದ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಪ್ರಾರ್ಥನೆ ಹೊತ್ತಿಗೆ ವಂದೇ ಮಾತರಂ ಹಾಡುತ್ತಿದ್ದರು. ಹಾಡಬಾರದು ಅಂತ ಅಧಿಕಾರಿಗಳು ಹುಕುಂ ಹೊರಡಿಸಿದರು. ಸುದ್ದಿ ಉಸ್ಮಾನಿಯಾ ಹಾಸ್ಟೆಲ್ಲುಗಳಿಗೆ ಮುಟ್ಟಿತು. ನಮ್ಮ ಗುಲ್ಬರ್ಗದ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ಹುಡುಗರು ಕಲ್ಲು ಎತ್ತಲಿಲ್ಲ, ಮಾಸ್ತರ ಮೈಮೇಲೆ ಏರಿ ಹೋಗಲಿಲ್ಲ. ಕ್ಲಾಸಿಗೆ ಹೋಗುವುದು ಬಿಟ್ಟರು, ಅಷ್ಟೇ. ಇನ್ನು ಮುಂದೆ ಹಾಡುವುದಿಲ್ಲ ಅಂತ ಮಾಫಿನಾಮಾ ಬರೆದುಕೊಡಿ, ಒಳಗೆ ಬಿಡುತ್ತೇವೆ ಅಂದರು ದೊಡ್ಡವರು. ಒಂದು ಸಹಿಯ ಮಾತು. ನೂರಾರು ಹುಡುಗರು ಆ ಸಹಿ ಹಾಕಲಿಲ್ಲ. ಹೆಸರು ಹೊಡೆದುಹಾಕಿದರು.

ಇಲ್ಲಿ ಇನ್ನೊಂದು ಮಾತೂ ಹೇಳಬೇಕು. ಆ ಹಾಡಿನ ಬಗ್ಗೆ ಮುಸ್ಲಿಂ ಬಾಂಧವರಲ್ಲಿ ಅಸಮಾಧಾನ ಇತ್ತು. ಅದಕ್ಕೇ 1937ರಲ್ಲಿ ಕಾಂಗ್ರೆಸ್ಸು ಮೊದಲ ಎರಡು ಚರಣ ಮಾತ್ರ ಹಾಡಿದರೆ ಸಾಕು ಅಂತ ನಿರ್ಧಾರ ಮಾಡಿತ್ತು. ಜಗಳ ಹಾಡಿನದು ಮಾತ್ರವಲ್ಲ. ತಮ್ಮ ಕೋಣೆಯಲ್ಲಿ ತಾವು ಏನು ಪ್ರಾರ್ಥನೆ ಮಾಡಬೇಕು ಅನ್ನುವುದನ್ನೂ ಮೇಲಿನವರು ಹೇಳಬೇಕೇ ಅನ್ನುವುದು ಹುಡುಗರ ತಕರಾರು.

ಹೆಸರು ಹೊಡೆಸಿಕೊಂಡವರಿಗೆ ಮುಂದೆ ಎಲ್ಲಿ ಜಾಗ? ಬೇರೆ ಕೆಲವು ವಿಶ್ವವಿದ್ಯಾಲಯಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ ನಾಗಪುರ ವಿಶ್ವವಿದ್ಯಾಲಯ ಕೈ ಹಿಡಿಯಿತು. ಆಗ ಅದರ ಕುಲಪತಿಯಾಗಿದ್ದವರು ಟಿ.ಜೆ. ಕೇದಾರ. ಹೊಲ ಮನಿ ಬಿಟ್ಟು, ಗುರುತಿಲ್ಲದ ಊರಿಗೆ ಗಂಟು ಕಟ್ಟಿಕೊಂಡು ಹೋದ ಹುಡುಗರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು. 1991ರಲ್ಲಿ ದೇಶದ ಪ್ರಧಾನಿ ಆದವರು ಅವರೇ. ರಾಜಕೀಯದಲ್ಲಿ ರಮಾನಂದ ತೀರ್ಥರ ಶಿಷ್ಯ ಅಂತಲೇ ಅವರನ್ನು ಕರೆಯುತ್ತಾರೆ.

ಆ ಹುಡುಗರ ಚಳವಳಿಯನ್ನು ಸ್ವಾಮೀಜಿ ನಡೆಸಿದರು ಅಂತ ಬರೆದರೆ ಸುಳ್ಳಾಗುತ್ತದೆ. ಅವರು ಕಂಬಿ ಹಿಂದೆ ಇದ್ದರು. ಆದರೆ 1920ರಲ್ಲಿ ಸೊಲ್ಲಾಪುರದ ಒಬ್ಬ ಹುಡುಗ ಮಾಡಿದ್ದನ್ನು 1938ರಲ್ಲಿ ನೂರಾರು ಹುಡುಗರು ಮಾಡಿದರು. ಮುಂದೆ 1947ರಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಸ್ವಾಮೀಜಿಯೇ ಕರೆ ಕೊಟ್ಟಾಗ ವಿದ್ಯಾರ್ಥಿಗಳು ಮತ್ತೆ ಕಾಲೇಜು ಬಿಟ್ಟು ಬಂದರು. ಆ ವರ್ಷ ಆಗಸ್ಟ್ 15ರಂದು ದೇಶವೆಲ್ಲ ಧ್ವಜ ಏರಿಸುವಾಗ ಸ್ವಾಮೀಜಿ ಮತ್ತೆ ಬಂಧನದಲ್ಲಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಸೈನ್ಯ ಶರಣಾದ ದಿನವೇ ಅವರ ಬಿಡುಗಡೆ.

1952ರಲ್ಲಿ ನಮ್ಮ ಗುಲ್ಬರ್ಗದವರೇ ಅವರನ್ನು ಲೋಕಸಭೆಗೆ ಕಳಿಸಿದರು. ತಾವು ಹೋರಾಡಿ ಬಿಡಿಸಿದ ಹೈದರಾಬಾದ್ ರಾಜ್ಯವನ್ನು ಭಾಷೆ ಪ್ರಕಾರ ಹಂಚಬೇಕು ಅಂತ ವಾದಿಸಿದವರಲ್ಲಿ ಅವರೂ ಒಬ್ಬರು. 1956ರ ನವೆಂಬರ್ 1ಕ್ಕೆ ನಾವು ಕನ್ನಡ ನಾಡಿಗೆ ಸೇರಿದ್ದರಲ್ಲಿ ಅವರ ಪಾಲೂ ಅದ. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ನಾಂದೇಡದ ವಿಶ್ವವಿದ್ಯಾಲಯಕ್ಕೆ ಇವತ್ತು ಅವರದೇ ಹೆಸರು.

ಇನ್ನು ನನ್ನ ಮಾತು ಎರಡು. ನಾನೂ ಪಿಯುಸಿ ಅರ್ಧಕ್ಕೆ ಬಿಟ್ಟವ. ಒಬ್ಬ ಉಪನ್ಯಾಸಕರು ನನಗೆ ಅನ್ಯಾಯ ಮಾಡಿದರು ಅಂತ ಬಾಯಿಗೆ ಬಂದಂಗ ಬೈದು ಹೊರಗೆ ಬಂದೆ. ಆಮೇಲೆ ಪುಸ್ತಕ ಮುಟ್ಟಲಿಲ್ಲ. ಬಹಳ ದಿನ ಅದನ್ನೇ ಶೌರ್ಯ ಅಂದುಕೊಂಡಿದ್ದೆ. ಸ್ವಾಮೀಜಿ ಜೀವನ ಓದಿದ ಮೇಲೆ ಗೊತ್ತಾಯಿತು, ನನ್ನದು ಬರೀ ಸಿಟ್ಟು. ಆ ಹುಡುಗರು ಯಾರನ್ನೂ ಬೈಯಲಿಲ್ಲ, ಸುಳ್ಳಿಗೆ ಸಹಿ ಹಾಕಲಿಲ್ಲ, ನಾಗಪುರದ ತನಕ ಹೋದರೂ ಓದು ಬಿಡಲಿಲ್ಲ.

ಈಗ ಕಾಲ ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಕ್ಕಳ ಮೇಲೆ ಕೈ ಮಾಡುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡೂ ನಿಷಿದ್ಧ. ಊರಿನ ಸರ್ಕಾರಿ ಸಾಲಿಗೆ ಎಸ್‌ಡಿಎಂಸಿ ಅದ, ಮಕ್ಕಳ ಸಹಾಯವಾಣಿ 1098 ಅದ. ಅಂಗಡಿ ಗಲ್ಲಾದ ಮೇಲೆ ಕೂತ ಅಪ್ಪಂದಿರೇ, ನಿಮ್ಮ ಮಗ ಮಾಸ್ತರ ಬಗ್ಗೆ ತಕರಾರು ತಂದರೆ ಮೊದಲೇ ಕಪಾಳಕ್ಕೆ ಹೊಡೀಬ್ಯಾಡ್ರಿ. ಕೂಡಿಸಿ ಕೇಳ್ರಿ. ಮಾತು ಖರೇ ಇದ್ದರೆ ಬರೆದು ಸಹಿ ಹಾಕಲಿಕ್ಕೆ ಹೇಳ್ರಿ, ಮರುದಿನ ಸಾಲಿಗೆ ನೀವೂ ಜೊತೆಗೆ ಹೋಗ್ರಿ.