ವಾಪಸ್ ಬಾರದ ವಿಮಾನಗಳ ಲೆಕ್ಕ ಹಿಡಿದ ವಾಲ್ಡ್

ರೋಬೋ ವಾರ್‌ಗೆ ಇಳಿಯುವ ಯಾವ ತಂಡದಲ್ಲೂ ಒಂದು ಜಗಳ ಖಾಯಂ. ತೂಕದ ಮಿತಿ 15 ಕೆ.ಜಿ. ಎಂದಿಟ್ಟುಕೊಳ್ಳಿ. ಮೋಟಾರು, ಬ್ಯಾಟರಿ, ಚಕ್ರ, ತಿರುಗುವ ಆಯುಧ ಸೇರಿಯೇ ಅದರ ಬಹುಪಾಲನ್ನು ನುಂಗಿಬಿಡುತ್ತವೆ. ಕವಚಕ್ಕೆ ಉಳಿಯುವುದು ಸ್ವಲ್ಪವೇ. ಅದನ್ನು ಎಲ್ಲಿ ಹೊದಿಸಬೇಕು? ಹಿಂದಿನ ಪಂದ್ಯದಲ್ಲಿ ಗೀರು ಬಿದ್ದ, ತಗ್ಗಾದ ಜಾಗಕ್ಕೇ ದಪ್ಪ ತಗಡು ಹಾಕೋಣ ಎನ್ನುವವರೇ ಹೆಚ್ಚು.

ಈ ಜಗಳಕ್ಕೆ 1943ರಲ್ಲೇ ಉತ್ತರ ಬರೆದಿಟ್ಟವರು ಅಬ್ರಹಾಂ ವಾಲ್ಡ್. ಹೆಸರು ಕೇಳದವರೂ ಮೈತುಂಬ ಕೆಂಪು ಚುಕ್ಕೆಗಳಿರುವ ಯುದ್ಧವಿಮಾನದ ಚಿತ್ರವನ್ನು ಮೊಬೈಲ್‌ನಲ್ಲಿ ನೋಡಿಯೇ ಇರುತ್ತಾರೆ. ಅದರ ಹಿಂದಿರುವ ಮನುಷ್ಯ ಇವರೇ.

ವಾಲ್ಡ್ ಹುಟ್ಟಿದ್ದು 1902ರ ಅಕ್ಟೋಬರ್ 31ರಂದು, ಟ್ರಾನ್ಸಿಲ್ವೇನಿಯಾದ ಕೊಲೊಶ್ವಾರ್ ಪಟ್ಟಣದಲ್ಲಿ. ಈಗ ಅದು ರೊಮೇನಿಯಾದ ಕ್ಲೂಜ್. ಮನೆಯವರು ಸಂಪ್ರದಾಯಸ್ಥ ಯಹೂದಿಗಳು. ಶಾಲೆ ಶನಿವಾರವೂ ಇರುತ್ತಿತ್ತು, ಆದರೆ ಶನಿವಾರ ಅವರಿಗೆ ಪವಿತ್ರ ವಿಶ್ರಾಂತಿಯ ದಿನ. ಹೀಗಾಗಿ ಹುಡುಗನ ಓದು ಮನೆಯಲ್ಲೇ ನಡೆಯಿತು. ಮುಂದೆ ವಿಯೆನ್ನಾಕ್ಕೆ ಹೋಗಿ ಕಾರ್ಲ್ ಮೆಂಗರ್ ಅವರ ಬಳಿ ಗಣಿತ ಕಲಿತು 1931ರಲ್ಲಿ ಡಾಕ್ಟರೇಟ್ ಪಡೆದರು. ಪದವಿ ಬಂತು, ಕೆಲಸ ಬರಲಿಲ್ಲ. ಯಹೂದಿಗೆ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುವ ಕಾಲವಲ್ಲ ಅದು. ಹೊಟ್ಟೆಪಾಡಿಗಾಗಿ ಒಬ್ಬ ಬ್ಯಾಂಕರ್‌ಗೆ ಗಣಿತದ ಟ್ಯೂಷನ್ ಹೇಳಿದರು, ಆರ್ಥಿಕ ಸಂಶೋಧನಾ ಸಂಸ್ಥೆಯೊಂದರಲ್ಲಿ ದುಡಿದರು. ಅವರು ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ಕಡೆ ಹೊರಳಿದ್ದು ಹೀಗೆ. ಡಿಗ್ರಿ ಕೈಯಲ್ಲಿ ಹಿಡಿದು ಸಿಕ್ಕ ಕೆಲಸಕ್ಕೆ ಸೇರುತ್ತಿರುವ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬಹುದು.

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅಮೆರಿಕದಿಂದ ಸಂಶೋಧನೆಗೆ ಬಂದ ಆಹ್ವಾನ ವಾಲ್ಡ್ ಅವರ ಜೀವ ಉಳಿಸಿತು. ಊರಲ್ಲಿ ಉಳಿದ ತಂದೆ, ತಾಯಿ ಸೇರಿ ಮನೆಯವರಲ್ಲಿ ಹೆಚ್ಚಿನವರು ನಾಜಿಗಳ ಕೈಯಲ್ಲಿ ಸತ್ತರು.

ಯುದ್ಧದ ವರ್ಷಗಳಲ್ಲಿ ಅವರು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಸೇನೆಗಾಗಿ ಲೆಕ್ಕ ಮಾಡುವ ಸಂಖ್ಯಾಶಾಸ್ತ್ರಜ್ಞರ ಗುಂಪಿನಲ್ಲಿದ್ದರು. ಅಲ್ಲಿ ಎದುರಾದದ್ದೇ ವಿಮಾನದ ಪ್ರಶ್ನೆ. ಗುಂಡು ತಗುಲಿದ ಗುರುತುಗಳು ವಾಪಸ್ ಬಂದ ವಿಮಾನಗಳ ಮೇಲೆ ಮಾತ್ರ ಸಿಗುತ್ತವೆ, ಬಿದ್ದ ವಿಮಾನಗಳು ಶತ್ರುವಿನ ನೆಲದಲ್ಲೋ ಸಮುದ್ರದಲ್ಲೋ ಇರುತ್ತವೆ. ಸೇನಾಧಿಕಾರಿಗಳ ಎದುರು ವಾಲ್ಡ್ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದರು ಎಂಬ ಸಿನಿಮೀಯ ಕತೆ ಓಡಾಡುತ್ತದೆ. ಅವರು ಬರೆದ ಎಂಟು ಟಿಪ್ಪಣಿಗಳಲ್ಲಿ ಅಂಥ ಸೀನ್ ಇಲ್ಲ, ತುಂಬಿರುವುದು ಬರೀ ಸಮೀಕರಣಗಳು. ನನಗೆ ಕತೆಗಿಂತ ಅವೇ ಇಷ್ಟ.

ಅವರು ಕೊಟ್ಟ ಕಾಲ್ಪನಿಕ ಉದಾಹರಣೆ ನೋಡಿ. 400 ವಿಮಾನ ಹೋಗಿ 380 ಮರಳಿದವು. ಅವುಗಳಲ್ಲಿ 320ಕ್ಕೆ ಒಂದೂ ಏಟಿಲ್ಲ, 32ಕ್ಕೆ ಒಂದು ಏಟು, 20ಕ್ಕೆ ಎರಡು, 4ಕ್ಕೆ ಮೂರು, 2ಕ್ಕೆ ನಾಲ್ಕು, 2ಕ್ಕೆ ಐದು. ಬಾರದ 20 ವಿಮಾನಗಳಿಗೆ ಎಷ್ಟು ಏಟು ಬಿತ್ತೋ ಯಾರೂ ನೋಡಿಲ್ಲ. ಏಟು ಬೀಳದ ವಿಮಾನ ಬೀಳುವುದಿಲ್ಲ, ಪ್ರತಿ ಏಟಿನ ಅಪಾಯವೂ ಒಂದೇ ಎಂಬ ಊಹೆಗಳನ್ನು ಇಟ್ಟುಕೊಂಡು, ಒಂದು ಏಟು ತಿಂದೂ ಬದುಕುವ ಸಾಧ್ಯತೆ ಸುಮಾರು 0.85 ಎಂದು ವಾಲ್ಡ್ ತೆಗೆದರು. ಆಮೇಲೆ ಅದೇ ಲೆಕ್ಕವನ್ನು ಎಂಜಿನ್, ಒಡಲು, ಇಂಧನ ವ್ಯವಸ್ಥೆ ಎಂದು ಭಾಗ ಭಾಗಕ್ಕೆ ಹಿಗ್ಗಿಸಿದರು. ವಿಸ್ತೀರ್ಣಕ್ಕೆ ತಕ್ಕಂತೆ ಯಾವ ಭಾಗಕ್ಕೆ ಎಷ್ಟು ಏಟು ಬೀಳಬೇಕಿತ್ತು, ಮರಳಿದವುಗಳಲ್ಲಿ ಎಷ್ಟು ಕಂಡವು? ಎಲ್ಲಿ ಕಡಿಮೆ ಕಂಡವೋ ಅಲ್ಲಿ ಏಟು ತಿಂದ ವಿಮಾನಗಳು ವಾಪಸ್ ಬಂದಿಲ್ಲ. ಕವಚ ಬೇಕಿರುವುದು ಆ ಜಾಗಕ್ಕೇ.

ಇದನ್ನು ಹಾಗೆಯೇ ರೋಬೋಗೆ ಅಂಟಿಸಲು ಆಗುವುದಿಲ್ಲ. ವಾಲ್ಡ್ ಲೆಕ್ಕದಲ್ಲಿ ಗುಂಡುಗಳು ಮೈಮೇಲೆ ಎಲ್ಲೆಂದರಲ್ಲಿ ಬೀಳುತ್ತವೆ, ನಮ್ಮ ಅಖಾಡದಲ್ಲಿ ಎದುರಾಳಿ ಡ್ರೈವರ್ ಚಕ್ರವನ್ನೇ ಗುರಿಯಿಟ್ಟು ಬರುತ್ತಾನೆ. ಆದರೆ ಅವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ: ಬಿದ್ದ ಯಂತ್ರ ಇಲ್ಲಿ ಕಳೆದುಹೋಗುವುದಿಲ್ಲ, ಟೇಬಲ್ ಮೇಲೆ ನಮ್ಮ ಕಣ್ಣೆದುರೇ ಇರುತ್ತದೆ. ಸೋತ ತಂಡಗಳ ಟೇಬಲ್‌ಗಳನ್ನು ಒಂದು ಸುತ್ತು ಹಾಕಿದರೆ ಸಾಕು. ಹೊರ ತಗಡು ಹರಿದು ನಿಂತ ರೋಬೋಗಿಂತ ಬ್ಯಾಟರಿಯ ಕನೆಕ್ಟರ್ ಕಳಚಿ, ರಿಸೀವರ್ ಅದುರಿ, ಚಕ್ರದ ಶಾಫ್ಟ್ ಬಾಗಿ ನಿಂತವೇ ಹೆಚ್ಚು ಸಿಗುತ್ತವೆ. ಗೀರು ತುಂಬಿದ ಮುಂಭಾಗ ತನ್ನ ಕೆಲಸ ಮಾಡಿದೆ ಎಂದರ್ಥ, ಅದಕ್ಕೆ ಇನ್ನಷ್ಟು ತೂಕ ಕೊಡುವುದು ದಂಡ. ಎಲ್ಲರೂ ಮಾತ್ರ ಫೈನಲ್ ಗೆದ್ದ ರೋಬೋದ ಫೋಟೊ ತೆಗೆಯಲು ಓಡುತ್ತಾರೆ! ಅದೇ ವಿನ್ಯಾಸ ಹಿಡಿದು ಮೊದಲ ಸುತ್ತಿನಲ್ಲೇ ಮಲಗಿದವು ಎಷ್ಟೋ. ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳನ್ನಷ್ಟೇ ಸಲಹೆ ಕೇಳುವುದೂ ಇದೇ ಜಾತಿಯದು.

ವಾಲ್ಡ್ ಅವರ ಇನ್ನೊಂದು ದೊಡ್ಡ ಕೆಲಸವೂ ಯುದ್ಧದಿಂದಲೇ ಬಂತು. ಮದ್ದುಗುಂಡುಗಳ ಪರೀಕ್ಷೆಯಲ್ಲಿ ಮೊದಲೇ ಗೊತ್ತುಮಾಡಿದಷ್ಟನ್ನೂ ಹಾರಿಸಿ ಮುಗಿಸುವ ಬದಲು, ಪ್ರತಿ ಹೊಡೆತದ ನಂತರ ಒಪ್ಪುವುದೋ, ತಿರಸ್ಕರಿಸುವುದೋ, ಮುಂದುವರಿಸುವುದೋ ಎಂದು ತೀರ್ಮಾನಿಸುವ ವಿಧಾನ ಅದು. ಯುದ್ಧ ಮುಗಿಯುವವರೆಗೆ ಸೇನೆ ಅದನ್ನು ಗುಟ್ಟಾಗಿಟ್ಟಿತ್ತು, 1947ರಲ್ಲಿ ಪುಸ್ತಕವಾಗಿ ಬಂತು. ಮೂರು ನಿಮಿಷದ ಪಂದ್ಯದಲ್ಲಿ ಮೊದಲ ಎರಡು ಡಿಕ್ಕಿ ನೋಡಿ ಯೋಜನೆ ಬದಲಿಸುವ ಡ್ರೈವರ್ ಮಾಡುವುದೂ ಸುಮಾರು ಇದನ್ನೇ, ಸೂತ್ರವಿಲ್ಲದೆ.

1950ರ ಕೊನೆಯಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ನೀಡಲು ವಾಲ್ಡ್ ಪತ್ನಿಯೊಂದಿಗೆ ಇಲ್ಲಿಗೆ ಬಂದರು. ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾ ವಿಮಾನ ನೀಲಗಿರಿಯಲ್ಲಿ ಅಪಘಾತಕ್ಕೀಡಾಯಿತು. ಬಂಡೀಪುರ ದಾಟಿದರೆ ನಮಗೆ ಎದುರಾಗುತ್ತದಲ್ಲ, ಅದೇ ನೀಲಗಿರಿ. ವಿಮಾನದಲ್ಲಿದ್ದ ಯಾರೂ ಉಳಿಯಲಿಲ್ಲ. ಅವರಿಗೆ ಆಗ 48 ವರ್ಷ. ಅನಾಥರಾದ ಇಬ್ಬರು ಮಕ್ಕಳಲ್ಲಿ ಮೂರು ವರ್ಷದ ರಾಬರ್ಟ್ ಮುಂದೆ ಸಾಪೇಕ್ಷತಾ ಸಿದ್ಧಾಂತದ ಹೆಸರಾಂತ ಭೌತವಿಜ್ಞಾನಿಯಾದರು. ವಿಮಾನದ ಆ ಎಂಟು ಟಿಪ್ಪಣಿಗಳು ಒಟ್ಟಾಗಿ ಮರುಮುದ್ರಣಗೊಂಡದ್ದು 1980ರಲ್ಲಿ.